ಪ್ಲನೇರಿಯಾದ ಕಣ್ಣುಚುಕ್ಕೆ ಪಠ್ಯಪುಸ್ತಕಕ್ಕೆ ಮರಳಲಿ

ಸಂಪಾದಕರಿಗೆ,

ಮಾನ್ಯರೇ,

ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ವಿಜ್ಞಾನ ಪುಸ್ತಕದಲ್ಲಿದ್ದ ‘ಅನುವಂಶೀಯತೆ ಮತ್ತು ಜೀವವಿಕಾಸ’ ಎಂಬ ಅಧ್ಯಾಯವು 2023ರ ಮುದ್ರಣದಲ್ಲಿ ‘ಅನುವಂಶೀಯತೆ’ ಎಂದಷ್ಟೇ ಉಳಿಯಿತು. ಕೋವಿಡ್ ಕಾಲದಲ್ಲಿ ಮಕ್ಕಳ ಮೇಲಿನ ಹೊರೆ ಇಳಿಸಬೇಕೆಂಬ ಕಾರಣ ಕೊಟ್ಟು ಜೀವವಿಕಾಸದ ಭಾಗವನ್ನು ಕೈಬಿಡಲಾಯಿತು. ಅದನ್ನು ವಿರೋಧಿಸಿ ಆ ವರ್ಷದ ಏಪ್ರಿಲ್‌ನಲ್ಲಿ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಮತ್ತು ವಿಜ್ಞಾನಾಸಕ್ತರು ಬಹಿರಂಗ ಪತ್ರವೊಂದಕ್ಕೆ ಸಹಿ ಹಾಕಿದರು. ಆಗ ನಡೆದ ಚರ್ಚೆಯ ಬಹುಪಾಲು ಡಾರ್ವಿನ್ನರ ಹೆಸರಿನ ಸುತ್ತ, ಮಂಗನಿಂದ ಮಾನವ ಎಂಬ ಸವಕಲು ಮಾತಿನ ಸುತ್ತ ಸುತ್ತಿತು. ಕತ್ತರಿ ಬಿದ್ದ ಪುಟಗಳಲ್ಲಿ ಕಣ್ಣು ಹೇಗೆ ಹಂತಹಂತವಾಗಿ ರೂಪುಗೊಂಡಿತು ಎಂಬುದನ್ನು ಹೇಳುವ ಒಂದು ಚಿಕ್ಕ ಭಾಗವೂ, ಪ್ಲನೇರಿಯಾ ಎಂಬ ಚಪ್ಪಟೆ ಹುಳುವಿನ ತಲೆಯ ಮೇಲಿನ ಎರಡು ಕಣ್ಣುಚುಕ್ಕೆಗಳ ಚಿತ್ರವೂ ಇದ್ದವು. ಆ ಅರ್ಧ ಪುಟದ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಚಳ್ಳಕೆರೆ ಸೀಮೆಯ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಇದು ಕುರಿ ಸಾಕುವವರ ನಾಡು. ತರಗತಿಯಲ್ಲಿ ಕೂತ ಮಕ್ಕಳಲ್ಲಿ ಎಷ್ಟೋ ಜನ ಬೆಳಿಗ್ಗೆ ರೊಪ್ಪದಲ್ಲಿ ಮರಿಗಳಿಗೆ ಹಾಲು ಕುಡಿಸಿ ಬಂದವರೇ ಆಗಿರುತ್ತಿದ್ದರು. ಕಣ್ಣಿನ ಪಾಠ ಬಂದಾಗ ನಾನು ಊರಿನ ಮಾಂಸದಂಗಡಿಯಿಂದ ಅಂದಿನ ಕುರಿಯ ಎರಡು ಕಣ್ಣುಗಳನ್ನು ಸ್ಟೀಲ್ ಡಬ್ಬಿಯಲ್ಲಿ ತರುತ್ತಿದ್ದೆ. ನೋಡಲು ಮನಸ್ಸಿಲ್ಲದ ಮಕ್ಕಳು ಹಿಂದಿನ ಬೆಂಚಿನಲ್ಲಿ ಕೂರಬಹುದಿತ್ತು, ಆದರೆ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅವರೂ ಮೇಜಿನ ಸುತ್ತ ನೆರೆದಿರುತ್ತಿದ್ದರು. ಬಿಳಿ ಪೊರೆಯನ್ನು ಬ್ಲೇಡಿನಿಂದ ಸುತ್ತಲೂ ಕೊಯ್ದು ಕಣ್ಣನ್ನು ಎರಡು ಬಟ್ಟಲುಗಳಂತೆ ಬಿಡಿಸಿದರೆ ಮೊದಲು ಗಟ್ಟಿ ಲೋಳೆ ಜಾರಿ ಬರುತ್ತದೆ, ಅದರ ಜೊತೆಗೆ ಕಡಲೆಕಾಳಿಗಿಂತ ದೊಡ್ಡದಾದ ಮಸೂರವೂ ಬರುತ್ತದೆ. ಆ ಮಸೂರವನ್ನು ತೊಳೆದು ಹಳೆಯ ದಿನಪತ್ರಿಕೆಯ ಮೇಲೆ ಇಟ್ಟರೆ ಅದರ ಕೆಳಗಿನ ಅಕ್ಷರ ದೊಡ್ಡದಾಗಿ ಕಾಣುತ್ತದೆ. ಸತ್ತ ಕುರಿಯ ಕಣ್ಣಿನ ಮೂಲಕ ಕನ್ನಡದ ‘ಅ’ಕಾರವನ್ನು ಓದಿದ ಮಗು ಮಸೂರದ ಪಾಠವನ್ನು ಮರೆತದ್ದನ್ನು ನಾನು ಕಂಡಿಲ್ಲ.

ಆದರೆ ಮಕ್ಕಳು ಹೆಚ್ಚು ಹೊತ್ತು ನೋಡುತ್ತಿದ್ದುದು ಉಳಿದ ಬಟ್ಟಲಿನ ಒಳಮೈಯನ್ನು. ಅದರ ಕೆಳಗಿನ ಅರ್ಧ ಕಪ್ಪಗಿದ್ದರೆ ಮೇಲಿನ ಅರ್ಧ ನವಿಲಿನ ಕತ್ತಿನಂತೆ ನೀಲಿಹಸಿರಾಗಿ ಹೊಳೆಯುತ್ತದೆ. ಇದನ್ನು ಟೇಪಿಟಮ್ ಎನ್ನುತ್ತಾರೆ. ಅಕ್ಷಿಪಟಲವನ್ನು ದಾಟಿ ಹಿಂದೆ ಹೋದ ಬೆಳಕನ್ನು ಈ ಪದರವು ಕನ್ನಡಿಯಂತೆ ತಿರುಗಿ ಕಳಿಸುವುದರಿಂದ ಬೆಳಕನ್ನು ಹಿಡಿಯುವ ಕೋಶಗಳಿಗೆ ಎರಡನೇ ಅವಕಾಶ ಸಿಗುತ್ತದೆ. ಮಸೂರವು ಬಿಂಬವನ್ನು ತಲೆಕೆಳಗಾಗಿ ಮೂಡಿಸುವುದರಿಂದ ಮಬ್ಬಾದ ನೆಲದ ಬಿಂಬ ಬೀಳುವುದು ಮೇಲಿನ ಅರ್ಧದ ಮೇಲೆ. ಬೆಳಕು ಸಾಲದ ಕಡೆಗೇ ಕನ್ನಡಿ ಇದೆ. ರಾತ್ರಿ ರೊಪ್ಪದ ಕಡೆ ಬ್ಯಾಟರಿ ಬಿಟ್ಟರೆ ಮಿನುಗುವ ನೂರು ಜೋಡಿ ಕಣ್ಣುಗಳನ್ನು, ಬೇಲಿಯಾಚೆ ತೋಳದ ಒಂದು ಜೋಡಿ ಕಣ್ಣನ್ನು ಕಂಡು ಬೆಳೆದ ಮಕ್ಕಳಿಗೆ ಆ ಬೆಳಕು ಕಣ್ಣಿನಿಂದ ಹುಟ್ಟುವುದಲ್ಲ, ತಮ್ಮದೇ ಬ್ಯಾಟರಿಯ ಬೆಳಕು ಮರಳಿ ಬರುವುದು ಎಂದು ತಿಳಿಯುವ ಗಳಿಗೆ ಅದು. ಕೂಡಲೇ ಒಂದು ಪ್ರಶ್ನೆ ಬರುತ್ತಿತ್ತು: ನಮ್ಮ ಕಣ್ಣು ಯಾಕೆ ಹಾಗೆ ಹೊಳೆಯುವುದಿಲ್ಲ?

ಈ ಪ್ರಶ್ನೆಗೆ ರಚನೆಯ ಪಾಠ ಉತ್ತರ ಕೊಡುವುದಿಲ್ಲ, ಚರಿತ್ರೆಯ ಪಾಠ ಕೊಡುತ್ತದೆ. ಮಂಗಗಳ ಮತ್ತು ನಮ್ಮ ಪೂರ್ವಜರು ಹಗಲಿನ ಬದುಕಿಗೆ ಬಂದವರು, ನಮಗೆ ಟೇಪಿಟಮ್ ಇಲ್ಲ. ಪಕ್ಕದ ತುಮಕೂರು ಜಿಲ್ಲೆಯ ಕುರುಚಲು ಕಾಡಿನಲ್ಲಿರುವ ಕಾಡುಪಾಪ ನಮ್ಮ ದೂರದ ನೆಂಟನೇ ಆದರೂ ಇರುಳಿನಲ್ಲಿ ಹುಳ ಹಿಡಿದು ತಿನ್ನುವ ಪ್ರಾಣಿ. ಅದರ ದೊಡ್ಡ ಕಣ್ಣುಗಳಲ್ಲಿ ಆ ಕನ್ನಡಿ ಇದೆ. ಕನ್ನಡಿಯಿಂದ ಬೆಳಕು ಹೆಚ್ಚುತ್ತದೆ, ಚಿತ್ರ ತುಸು ಮಸುಕಾಗುತ್ತದೆ. ಯಾವ ಪ್ರಾಣಿಗೆ ಯಾವುದು ಲಾಭವಾಯಿತೋ ಅದು ಅದರ ವಂಶದಲ್ಲಿ ಉಳಿಯಿತು.

ಆಡು ಕುರಿಗಳ ಪಾಪೆ ನಮ್ಮದರಂತೆ ದುಂಡಗಿಲ್ಲ, ಅಡ್ಡಗೆರೆಯಂತಿದೆ ಎಂದು ನಾನು ಹೇಳಿದಾಗ ಕುರಿಹಟ್ಟಿಯ ಹುಡುಗನೊಬ್ಬ ಎದ್ದು ನಿಂತು, “ಮೇಡಂ, ಆಡು ತಲೆ ಬಗ್ಸಿ ಮೇಯೋವಾಗ್ಲೂ ಆ ಗೆರೆ ಅಡ್ಡಾನೇ ಇರ್ತದೆ, ನೆಲದ ಜೊತಿಗೇ ಇರ್ತದೆ” ಎಂದ. ತಲೆ ಬಗ್ಗಿದರೆ ಗೆರೆಯೂ ಓರೆಯಾಗಬೇಕಲ್ಲವೇ ಎಂದು ನಾನು ಅವನ ಮಾತನ್ನು ಅನುಮಾನಿಸಿದ್ದೆ. 2015ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾರ್ಟಿನ್ ಬ್ಯಾಂಕ್ಸ್ ಮತ್ತು ಸಂಗಡಿಗರು 214 ಜಾತಿಯ ನೆಲವಾಸಿ ಪ್ರಾಣಿಗಳ ಪಾಪೆಗಳನ್ನು ಹೋಲಿಸಿದ ಅಧ್ಯಯನ ಪ್ರಕಟವಾದಾಗ ಹುಡುಗ ಹೇಳಿದ್ದು ಅಕ್ಷರಶಃ ನಿಜವೆಂದು ತಿಳಿಯಿತು: ಮೇಯುವಾಗ ಈ ಪ್ರಾಣಿಗಳ ಕಣ್ಣುಗುಡ್ಡೆಗಳು 50 ಡಿಗ್ರಿ ಅಥವಾ ಅದಕ್ಕೂ ಹೆಚ್ಚು ತಿರುಗಿ ಪಾಪೆಯನ್ನು ನೆಲಕ್ಕೆ ಸಮನಾಗಿ ಇಡುತ್ತವೆ. ಮುಂದೆಯೂ ಪಕ್ಕದಲ್ಲಿಯೂ ನೆಲದುದ್ದಕ್ಕೂ ಹಬ್ಬಿದ ನೋಟ ಬೇಟೆಯಾಗುವ ಪ್ರಾಣಿಗೆ ಬೇಕು. ಹೊಂಚುಹಾಕಿ ಎರಗುವ ಗಿಡ್ಡ ದೇಹದ ಬೆಕ್ಕಿಗೆ ದೂರವನ್ನು ಸರಿಯಾಗಿ ಅಳೆಯುವುದು ಮುಖ್ಯವಾದ್ದರಿಂದ ಅದರ ಪಾಪೆ ಉದ್ದಗೆರೆಯಾಗಿದೆ. ಎತ್ತರದ ಹುಲಿ ಚಿರತೆಗಳ ಪಾಪೆ ದುಂಡಗೇ ಇದೆ. ಆ ಹುಡುಗನಲ್ಲಿ ಒಬ್ಬ ವಿಜ್ಞಾನಿಯ ಕಣ್ಣಿತ್ತು. ಅವನು ಕಂಡದ್ದಕ್ಕೆ ಕಾರಣ ಹೇಳುವ ಪಾಠ ಪುಸ್ತಕದಲ್ಲಿ ಇರಬೇಕಾದ್ದು ನ್ಯಾಯ.

ಈಗಿನ ಪುಸ್ತಕದಲ್ಲಿ ಮನುಷ್ಯನ ಕಣ್ಣಿನ ಅಧ್ಯಾಯ ಇದ್ದೇ ಇದೆ. ಮಸೂರ, ಸಮೀಪದೃಷ್ಟಿ, ದೂರದೃಷ್ಟಿ, ಕನ್ನಡಕ ಎಲ್ಲವೂ ಇವೆ. ಕಣ್ಣು ಎಲ್ಲಿಂದ ಬಂತು ಎಂಬುದು ಮಾತ್ರ ಇಲ್ಲ. ಹೀಗಾದರೆ ಮಗುವಿಗೆ ಕಣ್ಣು ಯಾರೋ ಅಂಗಡಿಯಲ್ಲಿ ಜೋಡಿಸಿಕೊಟ್ಟ ಯಂತ್ರದಂತೆ ಕಾಣುತ್ತದೆ. ಅದು ಹಾಗೆ ಜೋಡಿಸಿದ್ದಲ್ಲ ಎಂಬುದಕ್ಕೆ ಸಾಕ್ಷಿಯನ್ನು ಓದುಗರು ಈ ಪತ್ರಿಕೆಯ ಅಂಚಿನಲ್ಲಿಯೇ ಪಡೆಯಬಹುದು. ನಾಲ್ಕು ಬೆರಳಗಲದ ಅಂತರದಲ್ಲಿ ಪೆನ್ನಿನಿಂದ ಎರಡು ಚುಕ್ಕೆಗಳನ್ನು ಅಕ್ಕಪಕ್ಕ ಇಟ್ಟು, ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಎಡಗಡೆಯ ಚುಕ್ಕೆಯನ್ನೇ ದಿಟ್ಟಿಸುತ್ತಾ ಪತ್ರಿಕೆಯನ್ನು ತೋಳಿನಳತೆಯಿಂದ ನಿಧಾನವಾಗಿ ಹತ್ತಿರ ತಂದರೆ, ಸುಮಾರು ಒಂದಡಿ ದೂರದಲ್ಲಿ ಬಲಗಡೆಯ ಚುಕ್ಕೆ ಮಾಯವಾಗುತ್ತದೆ. ನಮ್ಮ ಅಕ್ಷಿಪಟಲದಲ್ಲಿ ನರದೆಳೆಗಳು ಬೆಳಕು ಹಿಡಿಯುವ ಕೋಶಗಳ ಮುಂದೆ ಹಾದು, ಒಂದೆಡೆ ಕೂಡಿ, ಪಟಲವನ್ನೇ ತೂತುಮಾಡಿಕೊಂಡು ಹಿಂದಕ್ಕೆ ಹೋಗುತ್ತವೆ. ಆ ತೂತಿರುವ ಜಾಗದಲ್ಲಿ ನಾವು ಕುರುಡರು. ಮೀನು, ಕಪ್ಪೆ, ಹಕ್ಕಿ, ಕುರಿ, ಮನುಷ್ಯ, ಬೆನ್ನೆಲುಬಿರುವ ಎಲ್ಲರಿಗೂ ಇದೇ ಹಣೆಬರಹ. ನಮ್ಮ ಕರಾವಳಿಯ ಕಡಲಲ್ಲಿಯೂ ಇರುವ ಆಕ್ಟೋಪಸ್‌ಗೆ ಮಸೂರವುಳ್ಳ, ನಮ್ಮದರಂಥದೇ ಕಣ್ಣಿದ್ದರೂ ಅದರ ನರಗಳು ಕೋಶಗಳ ಬೆನ್ನಿನಿಂದ ಹೊರಡುವುದರಿಂದ ಅದಕ್ಕೆ ಕುರುಡು ಚುಕ್ಕೆ ಇಲ್ಲ. ನಮ್ಮ ಪೂರ್ವಜರಿಂದ ಬಹು ಹಿಂದೆಯೇ ಕವಲೊಡೆದ ವಂಶದಲ್ಲಿ ಅಂಥದೇ ಕಣ್ಣು ಬೇರೆಯಾಗಿ, ಬೇರೆ ದಾರಿಯಲ್ಲಿ ರೂಪುಗೊಂಡಿತು.

ಆ ದಾರಿ ಎಂಥದು ಎಂಬುದನ್ನು ಹೇಳುವುದಕ್ಕೇ ಪ್ಲನೇರಿಯಾ ಬೇಕಾಗಿರುವುದು. ಎರೆಹುಳಕ್ಕೆ ಕಣ್ಣಿಲ್ಲ, ಆದರೆ ಚರ್ಮದಲ್ಲಿ ಬೆಳಕನ್ನು ಅರಿಯುವ ಕೋಶಗಳಿವೆ. ಮಳೆಗಾಲದ ರಾತ್ರಿ ಅದರ ಮೇಲೆ ಬೆಳಕು ಬಿದ್ದರೆ ಮಣ್ಣಿನೊಳಕ್ಕೆ ಸರಕ್ಕನೆ ಸರಿಯುತ್ತದೆ. ಪ್ಲನೇರಿಯಾದಲ್ಲಿ ಅಂಥ ಕೋಶಗಳು ಕಪ್ಪು ಬಣ್ಣದ ಒಂದು ಪುಟ್ಟ ಬಟ್ಟಲಿನೊಳಗೆ ಕೂತಿರುವುದರಿಂದ ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂಬುದೂ ಅದಕ್ಕೆ ತಿಳಿಯುತ್ತದೆ. ಬಟ್ಟಲು ಆಳವಾಗಿ ಬಾಯಿ ಕಿರಿದಾದರೆ ಸೂಜಿರಂಧ್ರ ಕ್ಯಾಮೆರಾ ಆಗುತ್ತದೆ; ಸಾಗರದ ಚಿಪ್ಪುಜೀವಿ ನಾಟಿಲಸ್‌ಗೆ ಇಂದಿಗೂ ಅಂಥದೇ ಕಣ್ಣು, ಮಸೂರವಿಲ್ಲ, ಕಡಲ ನೀರು ಒಳಗೇ ಬಂದು ಹೋಗುತ್ತದೆ. ಆ ಬಾಯಿಗೆ ಪಾರದರ್ಶಕ ಪದರ ಮುಚ್ಚಿ, ಅದರ ಒಳಗಿನ ಪದಾರ್ಥ ದಟ್ಟವಾಗುತ್ತಾ ಹೋದರೆ ಮಸೂರ. ಈ ಹಂತಗಳಲ್ಲಿ ಯಾವುದೂ ಅರ್ಧಂಬರ್ಧ ಕಣ್ಣಲ್ಲ, ಅದನ್ನು ಹೊತ್ತ ಪ್ರಾಣಿಗೆ ಪೂರ್ತಿ ಉಪಯೋಗಕ್ಕೆ ಬರುವ ಕಣ್ಣೇ. ಹತ್ತನೇ ತರಗತಿಯ ಮಗುವಿಗೆ ತಿಳಿಯಬೇಕಾದ ಮಾತು ಇದೊಂದೇ.

ಕಣ್ಣಿನಂಥ ಅಂಗ ನಿಸರ್ಗದ ಆಯ್ಕೆಯಿಂದ ರೂಪುಗೊಂಡಿತೆನ್ನುವುದು ಮೇಲ್ನೋಟಕ್ಕೆ ಅತ್ಯಂತ ಅಸಂಬದ್ಧವಾಗಿ ಕಾಣುತ್ತದೆಂದು 1859ರಲ್ಲಿ ಡಾರ್ವಿನ್ನರೇ ಬರೆದುಕೊಂಡಿದ್ದರು. ಅವರನ್ನು ಖಂಡಿಸುವವರು ಈ ವಾಕ್ಯವನ್ನು ಎತ್ತಿ ತೋರಿಸುತ್ತಾರೆ, ಮುಂದಿನ ವಾಕ್ಯವನ್ನು ಓದುವುದಿಲ್ಲ. ಸರಳ ಕಣ್ಣಿನಿಂದ ಸಂಕೀರ್ಣ ಕಣ್ಣಿನವರೆಗೆ, ಪ್ರತಿ ಹಂತವೂ ಉಪಯುಕ್ತವಾದ ಮೆಟ್ಟಿಲುಗಳನ್ನು ತೋರಿಸಲು ಸಾಧ್ಯವಾದರೆ ಆ ತೊಡಕು ಉಳಿಯುವುದಿಲ್ಲ ಎಂದು ಅವರು ಅಲ್ಲಿಯೇ ಹೇಳಿದ್ದಾರೆ. 1994ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಡಾನ್ ಎರಿಕ್ ನಿಲ್ಸನ್ ಮತ್ತು ಸುಸಾನ್ ಪೆಲ್ಗರ್ ಆ ಮೆಟ್ಟಿಲುಗಳ ಲೆಕ್ಕವನ್ನೇ ಹಾಕಿದರು. ಬೆಳಕನ್ನು ಅರಿಯುವ ಚಪ್ಪಟೆ ಪದರವೊಂದು ಮೀನಿನ ಕಣ್ಣಿನಂತಾಗಲು, ಒಂದೊಂದೂ ಶೇಕಡಾ 1ರಷ್ಟೇ ಆದ 1829 ಬದಲಾವಣೆಗಳು ಸಾಕು. ಬಹಳ ಬಿಗಿಹಿಡಿದು ಲೆಕ್ಕ ಹಾಕಿದರೂ 3,64,000 ತಲೆಮಾರುಗಳಿಗಿಂತ ಕಡಿಮೆ. ವರ್ಷಕ್ಕೊಂದು ತಲೆಮಾರು ಕಾಣುವ ಸಣ್ಣ ಪ್ರಾಣಿಗಳಲ್ಲಿ ಇದು ನಾಲ್ಕು ಲಕ್ಷ ವರ್ಷವೂ ಆಗದ ಕೆಲಸ. ಎಂದೋ ಅಳಿದುಹೋದ ಕಡಲಜೀವಿಗಳಾದ ಟ್ರೈಲೊಬೈಟ್‌ಗಳ ಕಲ್ಲಾದ ಕಣ್ಣುಗಳು 50 ಕೋಟಿ ವರ್ಷಗಳಿಗೂ ಹಿಂದಿನವು ಎಂಬುದನ್ನು ನೆನೆದರೆ, ಕಾಲ ಸಾಲದು ಎಂಬ ಆಕ್ಷೇಪಕ್ಕೆ ನೆಲೆಯೇ ಇಲ್ಲ.

ಮರುವರ್ಷ, 1995ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವಾಲ್ಟರ್ ಗೇರಿಂಗ್ ಅವರ ತಂಡ ಕಣ್ಣಿನ ಬೆಳವಣಿಗೆಗೆ ಚಾಲನೆ ಕೊಡುವ ಜೀನನ್ನು ಹಣ್ಣಿನ ನೊಣದ ದೇಹದ ಬೇರೆ ಭಾಗಗಳಲ್ಲಿ ಎಚ್ಚರಿಸಿದಾಗ ಅದರ ಕಾಲು ರೆಕ್ಕೆಗಳ ಮೇಲೆಯೂ ಕಣ್ಣುಗಳು ಮೂಡಿದವು. ನೊಣದ ಜೀನಿನ ಬದಲು ಇಲಿಯ ಅದೇ ಜೀನನ್ನು ಬಳಸಿದರೂ ಕಣ್ಣು ಮೂಡಿತು, ಮೂಡಿದ್ದು ಮಾತ್ರ ನೊಣದ ಕಣ್ಣೇ. ಅದೇ ಜೀನು ಮನುಷ್ಯರಲ್ಲಿ ಕೆಟ್ಟರೆ ಕೆಲವು ಮಕ್ಕಳು ಕಣ್ಣಿನ ಬಣ್ಣದ ಪಟಲವಿಲ್ಲದೆ ಹುಟ್ಟುತ್ತಾರೆ. ಕಣ್ಣುಗಳು ಬೇರೆಬೇರೆ ದಾರಿ ಹಿಡಿದರೂ ಅವುಗಳಿಗೆ ಅಪ್ಪಣೆ ಕೊಡುವ ಮೂಲ ಒಂದೇ ಎಂಬುದನ್ನು ಓದಿದ ದಿನ ನನಗೆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ಬಣ್ಣಗಳ ಕಥೆಯೂ ಇಷ್ಟೇ ಹತ್ತಿರದ್ದು. ಬಹುಪಾಲು ಹಕ್ಕಿಗಳಿಗೆ ಬಣ್ಣ ಗುರುತಿಸುವ ನಾಲ್ಕು ಬಗೆಯ ಶಂಕುಕೋಶಗಳಿವೆ. ಬಹುಪಾಲು ಸಸ್ತನಿಗಳಿಗೆ ಎರಡೇ, ಏಕೆಂದರೆ ಡೈನೋಸಾರ್‌ಗಳ ಕಾಲದಲ್ಲಿ ನಮ್ಮ ಪೂರ್ವಜರು ಇರುಳಿನಲ್ಲಿ ಓಡಾಡುತ್ತಾ ಉಳಿದವನ್ನು ಕಳೆದುಕೊಂಡರು. ಕೆಂಪು ಬಟ್ಟೆಯ ಬಣ್ಣ ಕಂಡು ಗೂಳಿ ಕೆರಳುವುದಿಲ್ಲ. ಹುಲಿಯ ಕಿತ್ತಳೆ ಬಣ್ಣ ಜಿಂಕೆಗೆ ಹಸಿರು ಪೊದೆಯೊಳಗೆ ಕಲೆತುಹೋಗುತ್ತದೆ. ಆಫ್ರಿಕಾ ಏಷ್ಯಾಗಳ ಮಂಗಗಳ ವಂಶದಲ್ಲಿ ಒಂದು ಜೀನು ಎರಡಾಗಿ ಮೂರನೆಯ ಬಗೆಯ ಕೋಶ ಮರಳಿ ಬಂದದ್ದರಿಂದ ನಾವು ಹಸಿರೆಲೆಯ ನಡುವಿನ ಕೆಂಪು ಹಣ್ಣನ್ನು ಗುರುತಿಸುತ್ತೇವೆ. ಎಕ್ಸ್ ವರ್ಣತಂತುವಿನ ಮೇಲೆ ಅಕ್ಕಪಕ್ಕದಲ್ಲಿರುವ ಆ ಎರಡು ಜೀನುಗಳು ಒಂದರ ಪ್ರತಿ ಇನ್ನೊಂದಾದ್ದರಿಂದ ಹಂಚಿಕೆಯ ವೇಳೆ ಸುಲಭವಾಗಿ ಎಡವುತ್ತವೆ, ಕೆಂಪು ಹಸಿರು ಗೊಂದಲವಾಗುವ ವರ್ಣಾಂಧತೆ ಉಂಟಾಗುವುದು ಅದಕ್ಕೇ; ಹುಡುಗರಿಗೆ ಎಕ್ಸ್ ವರ್ಣತಂತು ಒಂದೇ ಇರುವುದರಿಂದ ಅದು ಅವರಲ್ಲಿ ಹೆಚ್ಚು ಕಾಣುತ್ತದೆ. ಅನುವಂಶೀಯತೆಯ ಪಾಠವನ್ನು ಉಳಿಸಿಕೊಂಡು ಜೀವವಿಕಾಸವನ್ನು ತೆಗೆದರೆ ವರ್ಣಾಂಧತೆ ಹೇಗೆ ದಾಟುತ್ತದೆಂದು ಹೇಳಬಹುದು, ಯಾಕೆ ಉಂಟಾಯಿತೆಂದು ಹೇಳಲಾಗದು. ಈ ಎರಡನ್ನು ಬೇರ್ಪಡಿಸಬಾರದಿತ್ತು.

ಇವೆಲ್ಲ ದೂರದೇಶದ ಪ್ರಯೋಗಾಲಯಗಳ ಸಂಗತಿಯೆಂದು ಯಾರೂ ತಿಳಿಯಬೇಕಾಗಿಲ್ಲ. ಪಶ್ಚಿಮ ಘಟ್ಟದ ಭೀಮಾಶಂಕರ ಕಾಡಿನಲ್ಲಿ ಹೇಮಾ ಸೋಮನಾಥನ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಸ್ವೀಡನ್ನಿನ ಸಹೋದ್ಯೋಗಿಗಳ ಜೊತೆಗೂಡಿ, ಅಲ್ಲಿನ ಒಂದು ಬಡಗಿ ದುಂಬಿ ಚಂದ್ರನಿಲ್ಲದ ರಾತ್ರಿಯಲ್ಲಿ ನಕ್ಷತ್ರಗಳ ಬೆಳಕಿನಲ್ಲಿಯೇ ಬಣ್ಣ ಗುರುತಿಸಿ ತನ್ನ ಗೂಡಿಗೆ ಮರಳುತ್ತದೆಂದು 2008ರಲ್ಲಿ ತೋರಿಸಿಕೊಟ್ಟರು. ಪುಟ್ಟ ಪುಟ್ಟ ಕಣ್ಣುಗಳು ಒಟ್ಟುಗೂಡಿ ಆದ, ಹಗಲಿಗೆ ತಕ್ಕ ಸಂಯುಕ್ತ ಕಣ್ಣೇ ಅದರದು, ಆದರೆ ದೊಡ್ಡದು. ಅದೇ ಘಟ್ಟದ ತೇವದ ಮಣ್ಣಿನಲ್ಲಿ ಬಿಲ ಕೊರೆದು ಬದುಕುವ, ಹಾವೆಂದು ಜನ ಕೊಲ್ಲುವ, ಕಾಲಿಲ್ಲದ ಸಿಸಿಲಿಯನ್ ಎಂಬ ಉಭಯವಾಸಿಯ ಕಣ್ಣು ಚರ್ಮದಡಿಗೆ ಸರಿದು ಬರೀ ಚುಕ್ಕೆಯಾಗಿದೆ. ಒಂದೇ ಬೆಟ್ಟಸಾಲಿನಲ್ಲಿ ಒಂದು ಕಣ್ಣು ಇರುಳನ್ನು ಗೆದ್ದಿದೆ, ಇನ್ನೊಂದು ಕತ್ತಲಿಗೆ ತನ್ನನ್ನು ಒಪ್ಪಿಸಿಕೊಂಡಿದೆ.

ಜೀವವಿಕಾಸವನ್ನು ಹನ್ನೆರಡನೇ ತರಗತಿಯಲ್ಲಿ ಓದಬಹುದಲ್ಲ ಎಂಬ ಸಮಾಧಾನದ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಹತ್ತರ ನಂತರ ವಾಣಿಜ್ಯಕ್ಕೋ ಕಲೆಗೋ ಐಟಿಐಗೋ ಹೋಗುವ, ಅಥವಾ ಓದು ನಿಲ್ಲಿಸಿ ಕುರಿಯ ಹಿಂದೆ ನಡೆಯುವ ಮಗುವಿಗೆ ಆ ಪುಸ್ತಕ ಕೈಗೆ ಸಿಗುವುದೇ ಇಲ್ಲ. ದಿನವೂ ಆಡಿನ ಕಣ್ಣು ನೋಡುವ ಮಗುವಿಗೇ ಆಡಿನ ಕಣ್ಣಿನ ಕಥೆ ತಪ್ಪಿಹೋಗುತ್ತದೆ. ನಮ್ಮ ರಾಜ್ಯದ ಪ್ರೌಢಶಾಲಾ ವಿಜ್ಞಾನ ಪುಸ್ತಕಗಳೂ ಕೆಲವು ವರ್ಷಗಳಿಂದ ಎನ್‌ಸಿಇಆರ್‌ಟಿ ಪಠ್ಯವನ್ನೇ ಅನುಸರಿಸಿ ರೂಪುಗೊಂಡಿರುವುದರಿಂದ ಈ ವಿಷಯದಲ್ಲಿ ದೆಹಲಿಯವರು ನೋಡಿಕೊಳ್ಳಲಿ ಎಂದು ನಾವು ಕೈಕಟ್ಟಿ ಕೂರುವಂತಿಲ್ಲ. ಮುಂದಿನ ಪರಿಷ್ಕರಣೆಗೆ ಕೂರುವ ಸಮಿತಿಯು ಕಣ್ಣಿನ ವಿಕಾಸದ ಆ ಅರ್ಧ ಪುಟವನ್ನು, ಪ್ಲನೇರಿಯಾದ ಚಿತ್ರದ ಸಮೇತ, ಮನುಷ್ಯನ ಕಣ್ಣಿನ ಅಧ್ಯಾಯದ ಮೊದಲಿಗೇ ಇಡಬೇಕೆಂದು ನನ್ನ ಮನವಿ. ಅಲ್ಲಿಯವರೆಗೆ ತಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಪ್ರಾಣಿಗಳ ಕಣ್ಣುಗಳ ಬಗ್ಗೆ ವಾರಕ್ಕೊಂದು ಸಣ್ಣ ಬರಹವಾದರೂ ಬರಲಿ. ಬರೆದುಕೊಡಲು ನಾನು ಸಿದ್ಧಳಿದ್ದೇನೆ, ನನ್ನಂಥ ಶಿಕ್ಷಕರು ಇನ್ನೂ ಎಷ್ಟೋ ಜನರಿದ್ದಾರೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ,
ಚಳ್ಳಕೆರೆ, ಚಿತ್ರದುರ್ಗ ಜಿಲ್ಲೆ