ನನ್ನ ಎಐ ಪತ್ತೇದಾರನಿಗೆ ಏನೇನು ಗೊತ್ತಿರಬಾರದು ಅಂತ ಹೇಳಿಕೊಟ್ಟವರಿಗೆ

ಕಾದಂಬರಿ ಮುಗಿಯಿತು. ಕೊನೆಯ ಪ್ರೂಫ್ ನೋಡಿ ಪ್ರೆಸ್ಸಿಗೆ ಕಳಿಸಿದ್ದೂ ಆಯಿತು. ಕೊಲೆಯ ಕಥೆ, ಆದರೆ ಪತ್ತೇದಾರ ಮನುಷ್ಯನಲ್ಲ, ಎಐ. ಇಂಥದ್ದೊಂದು ಬರೆಯುತ್ತೇನೆ ಅಂದ ದಿನದಿಂದ ಎಷ್ಟು ಜನ ಜೊತೆಗೆ ನಿಂತಿರಿ ಅಂದರೆ, ಪುಸ್ತಕದ ಮೊದಲಲ್ಲಿ ಸಿಕ್ಕ ಅರ್ಧ ಪುಟದಲ್ಲಿ ನಿಮ್ಮನ್ನೆಲ್ಲ ಹಿಡಿಸೋಕೆ ಆಗಲೇ ಇಲ್ಲ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಹೆಸರು ಬೇಡ ಅಂದವರೇ ಜಾಸ್ತಿ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ. ಓದಿದರೆ ನೀವು ಯಾರು ಅಂತ ನಿಮಗೆ ಗೊತ್ತಾಗುತ್ತದೆ.

ಮೊದಲ ಥ್ಯಾಂಕ್ಸ್ ಲೈಬ್ರರಿಯ ಮೇಡಂಗೆ. ನನ್ನ ತಲೆಬಿಸಿ ಏನು ಅಂತ ಮೊದಲು ಅರ್ಥ ಮಾಡಿಕೊಂಡವರು ಅವರೇ. ಪತ್ತೇದಾರಿ ಕಥೆಯಲ್ಲಿ ಓದುಗರಿಗೂ ಪತ್ತೇದಾರನಿಗೂ ಒಂದೇ ಸುಳಿವು ಸಿಗಬೇಕು, ಅಲ್ವಾ? ರೊನಾಲ್ಡ್ ನಾಕ್ಸ್ ಅನ್ನುವ ಇಂಗ್ಲಿಷ್ ಪಾದ್ರಿ, ತಾವೂ ಪತ್ತೇದಾರಿ ಕಥೆ ಬರೆಯುತ್ತಿದ್ದವರು, 1929ರಲ್ಲೇ ಇದಕ್ಕೆ ಹತ್ತು ಕಟ್ಟಳೆ ಮಾಡಿಟ್ಟರು. ಸಿಕ್ಕಿದ ಸುಳಿವನ್ನು ಪತ್ತೇದಾರ ಮುಚ್ಚಿಡಬಾರದು. ಕೊನೆಯಲ್ಲಿ ಉದ್ದುದ್ದ ವಿಜ್ಞಾನದ ವಿವರಣೆ ಬೇಕಾಗುವ ಉಪಕರಣ ತರಬಾರದು. ಈಗ ಪತ್ತೇದಾರನ ಕುರ್ಚಿಯಲ್ಲಿ ಒಂದು ಎಐ ಕೂರಿಸಿ ನೋಡಿ. ಇದ್ದಬದ್ದ ಕ್ಯಾಮೆರಾ, ಫೋನ್ ದಾಖಲೆ, ಬ್ಯಾಂಕ್ ಲೆಕ್ಕ ಎಲ್ಲವನ್ನೂ ಕಣ್ಣುಮಿಟುಕಿಸುವಷ್ಟರಲ್ಲಿ ಜಾಲಾಡಿ 'ಇವನೇ' ಅಂದುಬಿಟ್ಟರೆ ಓದುವವರಿಗೆ ಉಳಿಯೋದೇನು?

ಈ ಪ್ರಶ್ನೆ ಹೊಸದಲ್ಲ ಅಂತ ಮೇಡಂ ತೋರಿಸಿಕೊಟ್ಟರು. ಅಮೆರಿಕದ ವಿಜ್ಞಾನ ಕಥೆಗಳ ಪತ್ರಿಕೆಯ ಸಂಪಾದಕ ಜಾನ್ ಕ್ಯಾಂಪ್‌ಬೆಲ್ ಅವರಿಗೆ ವಿಜ್ಞಾನ ಕಥೆಗೂ ಪತ್ತೇದಾರಿಗೂ ಹೊಂದೋದೇ ಇಲ್ಲ ಅನ್ನುವ ಅಭಿಪ್ರಾಯ ಇತ್ತು ಅಂತ ವಿಜ್ಞಾನ ಕಥೆಗಾರ ಐಸಾಕ್ ಅಸಿಮೋವ್ ಬರೆದುಕೊಂಡಿದ್ದಾರೆ. ಹೊಂದುತ್ತದೆ ಅಂತ ಅಸಿಮೋವ್ ಬರೆದೇ ತೋರಿಸಿದರು. 1954ರ 'ದಿ ಕೇವ್ಸ್ ಆಫ್ ಸ್ಟೀಲ್'ನಲ್ಲಿ ಡೇನೀಲ್ ಅನ್ನುವ ರೋಬಾಟ್ ಇದೆ, ಅದರ ಪಕ್ಕದಲ್ಲಿ ಬೇಲಿ ಅನ್ನುವ ಪೊಲೀಸ್ ಇದ್ದಾನೆ. ಮನುಷ್ಯನಿಗೆ ಕೇಡು ಮಾಡುವಂತಿಲ್ಲ ಅನ್ನುವ ನಿಯಮಕ್ಕೆ ಆ ರೋಬಾಟ್ ಕಟ್ಟುಬಿದ್ದಿದೆ. ಅದಕ್ಕೆ ಏನು ಸಾಧ್ಯ, ಏನು ಸಾಧ್ಯವಿಲ್ಲ ಅನ್ನೋದು ಓದುಗರಿಗೂ ಗೊತ್ತಿರುತ್ತದೆ. ಆಮೇಲೆ ಮೇಡಂ ಕೈಗಿಟ್ಟಿದ್ದು ಜೋ ಕ್ಯಾಲಹನ್ ಅವರ 2023ರ 'ಇನ್ ದಿ ಬ್ಲಿಂಕ್ ಆಫ್ ಆ್ಯನ್ ಐ'. ಅಲ್ಲಿ ಅನುಭವವನ್ನೇ ನಂಬಿದ ಪೊಲೀಸ್ ಅಧಿಕಾರಿ ಕ್ಯಾಟ್ ಫ್ರಾಂಕ್ ಜೊತೆ ಲಾಕ್ ಅನ್ನುವ ಎಐ ತನಿಖೆಗೆ ಇಳಿಯುತ್ತದೆ. ಅದು ಹಾಲೋಗ್ರಾಂ ಆಗಿ ಪಕ್ಕದಲ್ಲೇ ನಿಲ್ಲುತ್ತದೆ. 2024ರಲ್ಲಿ ಆ ಕಾದಂಬರಿಗೆ ಬ್ರಿಟನ್ನಿನ ದೊಡ್ಡ ಅಪರಾಧ ಸಾಹಿತ್ಯ ಪ್ರಶಸ್ತಿ ಥೀಕ್‌ಸ್ಟನ್ ಬಂತು. ಎರಡನ್ನೂ ಓದಿ ಮುಗಿಸಿದಾಗ ನನಗೆ ಒಂದು ವಿಷಯ ಖಚಿತವಾಯಿತು. ಎಐ ಪತ್ತೇದಾರ ಎಷ್ಟು ಬುದ್ಧಿವಂತ ಅನ್ನೋದರಿಂದ ಕಥೆ ನಿಲ್ಲೋದಿಲ್ಲ. ಅದಕ್ಕೆ ಯಾವುದು ತಿಳಿಯೋದಿಲ್ಲ ಅನ್ನೋದರಿಂದ ನಿಲ್ಲುತ್ತದೆ. ಅಲ್ಲಿಂದ ಮುಂದೆ ನಾನು ನಿಮ್ಮೆಲ್ಲರ ಹತ್ತಿರ ಬಂದು ಕೇಳಿದ್ದು ಅದೊಂದನ್ನೇ.

ಮರಣೋತ್ತರ ಪರೀಕ್ಷೆ ಮಾಡುವ ಡಾಕ್ಟರ್ ಸರ್, ನಿಮ್ಮ ಋಣ ದೊಡ್ಡದು. ಸತ್ತ ಸಮಯ ಹೇಗೆ ಹೇಳುತ್ತೀರಿ ಅಂತ ಕೇಳಿದ್ದಕ್ಕೆ ಕಾಗದ ಎಳೆದುಕೊಂಡು ಗೆರೆ ಬರೆದು ತೋರಿಸಿದಿರಿ. ಉಸಿರು ನಿಂತ ಮೇಲೆ ದೇಹ ನಿಧಾನಕ್ಕೆ ಕೋಣೆಯ ಬಿಸಿಗೆ ಇಳಿಯುತ್ತದೆ, ಮೊದಲು ಸ್ವಲ್ಪ ಹೊತ್ತು ಹೆಚ್ಚೇನೂ ಇಳಿಯೋದಿಲ್ಲ, ಆಮೇಲೆ ಬೇಗ ಬೇಗ, ಕೊನೆಗೆ ಮತ್ತೆ ನಿಧಾನ. ದೇಹದ ತೂಕ, ಬಟ್ಟೆ, ಗಾಳಿ, ಒದ್ದೆ ಎಲ್ಲವೂ ಆ ಗೆರೆಯನ್ನು ಅತ್ತಿತ್ತ ಎಳೆಯುತ್ತವೆ. 'ನಿಮ್ಮ ಯಂತ್ರ ಈ ಲೆಕ್ಕ ನನಗಿಂತ ಚೆನ್ನಾಗೇ ಮಾಡುತ್ತದೆ, ಆದರೆ ಹೊದಿಕೆ ಇತ್ತಾ ಅಂತ ಅದಕ್ಕೆ ಯಾರು ಹೇಳಬೇಕು?' ಅಂದಿರಿ. ಆ ಒಂದು ಮಾತಿನ ಮೇಲೆ ನನ್ನ ಮೂರನೇ ಅಧ್ಯಾಯ ನಿಂತಿದೆ. ಎಸಿಯ ದಾಖಲೆಯಿಂದ ಕೋಣೆ ಎಷ್ಟು ತಣ್ಣಗಿತ್ತು ಅಂತ ಎಐ ತಿಳಿದುಕೊಳ್ಳುತ್ತದೆ, ದೇಹದ ಬಿಸಿ ಎಷ್ಟು ಅಂತ ವರದಿಯಿಂದ ತೆಗೆದುಕೊಳ್ಳುತ್ತದೆ, ಲೆಕ್ಕವೂ ಸರಿಯಾಗಿದೆ. ಆದರೆ ಮೊದಲು ಒಳಗೆ ಬಂದ ಹೆಂಗಸು, ಬದುಕಿದ್ದಾಳೋ ಏನೋ ಅಂತ ದಪ್ಪ ರಜಾಯಿ ಎಳೆದು ಪಕ್ಕಕ್ಕೆ ಹಾಕಿದ್ದಾಳೆ. ಫೋಟೋಗಳಲ್ಲಿ ರಜಾಯಿ ನೆಲದ ಮೇಲಿದೆ. ಹೊದ್ದಿದ್ದ ದೇಹ ತಡವಾಗಿ ತಣ್ಣಗಾಗಿದೆ, ಅಂದರೆ ಸಾವು ಎಐ ಹೇಳಿದ್ದಕ್ಕಿಂತ ಮುಂಚೆಯೇ ಆಗಿದೆ. ಆ ಹೆಂಗಸನ್ನು ಕೂರಿಸಿಕೊಂಡು, ಗದರಿಸದೆ, 'ನೀವು ಮೊದಲು ಏನು ಮುಟ್ಟಿದಿರಿ ಅಮ್ಮ?' ಅಂತ ಕೇಳೋದು ಮನುಷ್ಯ ಇನ್ಸ್‌ಪೆಕ್ಟರ್. ಇಷ್ಟು ಹೇಳಿದ್ದರಿಂದ ಗುಟ್ಟೇನೂ ಬಯಲಾಗಲಿಲ್ಲ, ಕೊಲೆಗಾರ ಇನ್ನೂ ದೂರ ಇದ್ದಾನೆ.

ಸಾಫ್ಟ್‌ವೇರ್ ಗೆಳೆಯ, ನಿನಗೂ. ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದ ಫೋಟೋದಲ್ಲಿ ಎಲ್ಲಿ, ಯಾವಾಗ ತೆಗೆದಿದ್ದು ಅನ್ನುವ ಮಾಹಿತಿ ಉಳಿಯೋದಿಲ್ಲ ಅಂತ ನೀನು ಹೇಳದಿದ್ದರೆ ಅರ್ಧ ಕಥೆ ಹುಟ್ಟುತ್ತಲೇ ಇರಲಿಲ್ಲ. ಇಂಥ ಎಐಗಳು ಗೊತ್ತಿಲ್ಲದ್ದನ್ನೂ ನಂಬುವ ಹಾಗೆ ಕಟ್ಟಿ ಹೇಳಿಬಿಡುತ್ತವೆ, ಸುಳ್ಳು ಹೇಳುವ ಉದ್ದೇಶವೇ ಇಲ್ಲದೆ, ಅಂತ ನೀನು ತಾಳ್ಮೆಯಿಂದ ವಿವರಿಸಿದ್ದೂ ಪುಸ್ತಕದಲ್ಲಿದೆ.

ವಕೀಲರಾದ ನಮ್ಮ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. 'ಆ ಯಂತ್ರವನ್ನು ಕಟಕಟೆಗೆ ಹತ್ತಿಸಿ ಪಾಟೀಸವಾಲು ಮಾಡೋದು ಹೇಗೆ?' ಶೇಕಡಾ 90 ಹೊಂದುತ್ತದೆ ಅಂತ ಪರದೆ ಹೇಳಿದರೆ ಸಾಲದು, ಆ 90 ಎಲ್ಲಿಂದ ಬಂತು ಅಂತ ಯಾರಾದರೂ ಹೇಳಬೇಕು. 2020ರಲ್ಲಿ ಅಮೆರಿಕದ ಡೆಟ್ರಾಯಿಟ್ ಪೊಲೀಸರು, ಮುಖ ಗುರುತಿಸುವ ಸಾಫ್ಟ್‌ವೇರ್ ತಪ್ಪು ಮುಖ ಹೊಂದಿಸಿದ್ದಕ್ಕೆ ಏನೂ ಮಾಡದ ಒಬ್ಬರನ್ನು ಮನೆಯ ಮುಂದೆ, ಹೆಂಡತಿ ಮಕ್ಕಳ ಎದುರೇ ಬಂಧಿಸಿದ್ದನ್ನು ಅಕ್ಕ ನನಗೆ ಓದಿಸಿದರು. ಓದಿ ಸಂಕಟವಾಯಿತು. ನನ್ನ ಕಥೆಯ ಎಐ ಪ್ರತಿ ಸಲ 'ನಾನು ಹೀಗೆ ಅಂದುಕೊಳ್ಳಲು ಈ ಈ ಕಾರಣ' ಅಂತ ಬಿಡಿಸಿ ಹೇಳುವುದು ಅಕ್ಕನಿಂದಾಗಿ. ಅದನ್ನು ಓದುವಾಗ ಯಾರಿಗಾದರೂ ಖುಷಿಯಾದರೆ ಅದು ಅವರಿಗೆ ಸೇರಬೇಕು.

ನಡುವೆ ಕಣ್ಣಿನ ಆಪರೇಷನ್ ಆಯಿತು. ಪರದೆ ನೋಡುವ ಹಾಗಿರಲಿಲ್ಲ, ಕಾದಂಬರಿ ನಿಂತೇಹೋಗುತ್ತದೆ ಅಂತ ತುಂಬ ಹೆದರಿದ್ದೆ. ಆಗ ಅಕ್ಕನ ಮಗಳು ದಿನಾ ಸಂಜೆ ಬಂದು ಬರೆದಷ್ಟನ್ನೂ ಗಟ್ಟಿಯಾಗಿ ಓದುತ್ತಿದ್ದಳು, ನಾನು ಹೇಳಿದ್ದನ್ನು ಟೈಪ್ ಮಾಡುತ್ತಿದ್ದಳು. ಒಂದು ದಿನ ಓದೋದು ನಿಲ್ಲಿಸಿ, 'ಚಿಕ್ಕಮ್ಮ, ಈ ಮಾತು ಇನ್ಸ್‌ಪೆಕ್ಟರ್‌ದೋ ಎಐದೋ?' ಅಂದಳು. ಇಬ್ಬರೂ ಕೂತು ಯೋಚಿಸಿದೆವು. ಎಐ ಯಾವತ್ತೂ 'ಬಹುಶಃ' ಅನ್ನೋದಿಲ್ಲ, ಎಷ್ಟು ಖಚಿತ ಅಂತ ಅಳತೆ ಹೇಳುತ್ತದೆ. ಇನ್ಸ್‌ಪೆಕ್ಟರ್ ಮಾತನ್ನು ಅರ್ಧಕ್ಕೇ ಬಿಡುತ್ತಾನೆ. ಈ ವ್ಯತ್ಯಾಸ ಅವಳ ಕಿವಿ ಕೊಟ್ಟಿದ್ದು. ಪುಟ್ಟಿ, ಆ ಸಂಜೆಗಳಲ್ಲಿ ನೀನು ಬರದಿದ್ದರೆ ಈ ಪುಸ್ತಕ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

ಸಂಪಾದಕರಿಗೆ ಏನು ಹೇಳಲಿ! ಅವರು ಒಂದು ಪಟ್ಟಿ ಮಾಡಿಸಿದರು. ಎಡಗಡೆ ಎಐ ಬಳಸುವ ಸುಳಿವು, ಬಲಗಡೆ ಅದೇ ಸುಳಿವು ಓದುಗರ ಕಣ್ಣಿಗೆ ಬೀಳುವ ಪುಟ. ಬಲಗಡೆ ಖಾಲಿ ಇದ್ದ ಕಡೆಯೆಲ್ಲ ಎರಡೇ ದಾರಿ, ಆ ಸುಳಿವನ್ನು ಮೊದಲೇ ಎಲ್ಲೋ ತೋರಿಸಬೇಕು, ಇಲ್ಲವೇ ಎಐನಿಂದ ಕಿತ್ತುಕೊಳ್ಳಬೇಕು. ನಾನು ತುಂಬ ಇಷ್ಟಪಟ್ಟಿದ್ದ ಎರಡು ದೃಶ್ಯ ಹೋದವು. ಅವರು ಹೇಳಿದ್ದೇ ಸರಿ. ಎಐ ಪತ್ತೇದಾರಿ ಬರೆಯಲು ಹೊರಟ ಯಾರಿಗಾದರೂ ನಾನು ಮೊದಲು ಕೊಡುವ ಸಲಹೆ ಇದೇ ಪಟ್ಟಿ, ಮತ್ತು ಅದು ನನ್ನದಲ್ಲ, ಅವರದು ಅಂತ ಹೇಳಿಯೇ ಕೊಡುತ್ತೇನೆ.

ಮೊದಲ ಪ್ರತಿಗಳು ನಿಮಗೇ ಬರುತ್ತವೆ. ಮನೆ ಬದಲಾಯಿಸಿದವರು ಹೊಸ ವಿಳಾಸ ಕಳಿಸಿ. ಡಾಕ್ಟರ್ ಸರ್, ಮೂರನೇ ಅಧ್ಯಾಯವನ್ನು ಪೆನ್ಸಿಲ್ ಹಿಡಿದೇ ಓದಿ, ಏನಾದರೂ ಕಂಡರೆ ಎರಡನೇ ಮುದ್ರಣಕ್ಕೆ ತಿದ್ದುತ್ತೇನೆ.