ಒಟಿ ಎಂದರೆ ಆಪರೇಷನ್ ಥಿಯೇಟರ್ ಅಲ್ಲ, ಸಚಿವರೇ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯವಳು. ಈ ವರ್ಷ ಪಿಯುಸಿ ಸೈನ್ಸ್ ಮುಗಿಸಿದ್ದೇನೆ. ಮುಂದೆ ಏನು ಓದಬೇಕು ಎಂದು ಮನೆಯಲ್ಲಿ ದಿನಾ ಪಂಚಾಯಿತಿ. ಅಪ್ಪಯ್ಯನಿಗೆ ಬಿಎಸ್‌ಸಿ ಅಗ್ರಿ ಆಗಬೇಕು. ಅಮ್ಮನ ಪ್ರಕಾರ ನರ್ಸಿಂಗ್ ಮಾಡಿದರೆ ಕೆಲಸ ಗ್ಯಾರಂಟಿ. ನನಗೆ ಮಾತ್ರ ಆಕ್ಯುಪೇಷನಲ್ ಥೆರಪಿ, ಚುಟುಕಾಗಿ ಒಟಿ, ಓದುವ ಆಸೆ.

ಈ ಹೆಸರು ಹೇಳಿದರೆ ಯಾರಿಗೂ ತಲೆಬುಡ ಗೊತ್ತಾಗುವುದಿಲ್ಲ. "ಓ, ಒಟಿ ಟೆಕ್ನಿಷಿಯನ್ನಾ? ಆಪರೇಷನ್ ಥಿಯೇಟರಿಂದು?" ಎಂದು ನಮ್ಮ ಲೆಕ್ಚರರೇ ಕೇಳಿದರು. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ಒಟಿಯವರು ಇದ್ದಾರಾ ಎಂದೆ. ನೇರ ಆಪರೇಷನ್ ಥಿಯೇಟರಿನ ಬಾಗಿಲು ತೋರಿಸಿದರು! ಕನ್ನಡದಲ್ಲಿ 'ಔದ್ಯೋಗಿಕ ಚಿಕಿತ್ಸೆ' ಎನ್ನುತ್ತಾರಂತೆ. ಅದನ್ನು ಕೇಳಿದ ಚಿಕ್ಕಪ್ಪ, ಕೆಲಸ ಸಿಗದವರಿಗೆ ಕೊಡುವ ಮದ್ದಾ ಎಂದು ನಕ್ಕ. ತಪ್ಪು ಅವನದಲ್ಲ, ಹೆಸರೇ ಹಾಗಿದೆ. ಇಲ್ಲಿ ಆಕ್ಯುಪೇಷನ್ ಎಂದರೆ ನೌಕರಿ ಅಷ್ಟೇ ಅಲ್ಲ. ಎದ್ದಾಗಿನಿಂದ ಮಲಗುವವರೆಗೆ ಮನುಷ್ಯ ಮಾಡುವ ಎಲ್ಲವೂ. ಹಲ್ಲುಜ್ಜುವುದು, ಅಂಗಿ ಗುಂಡಿ ಹಾಕುವುದು, ಅನ್ನ ಕಲಸುವುದು, ಮಕ್ಕಳಾದರೆ ಪೆನ್ಸಿಲ್ ಹಿಡಿಯುವುದು, ಆಡುವುದು. ಇವನ್ನು ಮಾಡಲಾಗದವರು ತಾವೇ ಮಾಡಿಕೊಳ್ಳುವಂತೆ ನೆರವಾಗುವುದೇ ಈ ಥೆರಪಿ.

ನನಗೆ ಇದು ಗೊತ್ತಾಗಿದ್ದು ಅಜ್ಜನಿಂದ. ಎರಡು ವರ್ಷದ ಹಿಂದೆ ಅವನಿಗೆ ಲಕ್ವ ಹೊಡೆಯಿತು. ಬಲಭಾಗ ಪೂರ್ತಿ ಸೋತಿತು. ಉತ್ತರ ಕನ್ನಡದವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಣಿಪಾಲ, ಮಂಗಳೂರು, ಇಲ್ಲವೇ ಹುಬ್ಬಳ್ಳಿ. ಅದು ನಿಮಗೂ ಗೊತ್ತು. ಜೀವ ಉಳಿಯಿತು. ಫಿಸಿಯೋಥೆರಪಿಯವರು ಕೋಲು ಹಿಡಿದು ನಡೆಯುವ ಹಾಗೆ ಮಾಡಿದರು. ಅವರ ಋಣ ದೊಡ್ಡದು. ಆದರೆ ಮನೆಗೆ ಬಂದ ಮೇಲೆ ಹೊಸ ಸಮಸ್ಯೆ ಶುರುವಾಯಿತು. ಅಜ್ಜ ಎಡಗೈಯಲ್ಲಿ ಉಣ್ಣಲು ಒಪ್ಪಲಿಲ್ಲ. ಎಪ್ಪತ್ತು ದಾಟಿದವನಿಗೆ ಅದು ಹೇಗೆ ಸಾಧ್ಯ ಹೇಳಿ? ಅಮ್ಮ ತುತ್ತು ಕೊಟ್ಟರೆ ನಾಚಿಕೆ. ಕೊನೆಗೆ ಹಸಿವಿಲ್ಲ ಎಂದು ಸುಳ್ಳು ಹೇಳಿ ಊಟ ಬಿಡತೊಡಗಿದ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಒಬ್ಬ ಒಟಿ ಮೇಡಂ ಸಿಕ್ಕರು. ಕೈ ಹೇಗಿದೆ ಎಂದು ಅವರು ಕೇಳಲಿಲ್ಲ. "ಬೆಳಗ್ಗೆ ಎದ್ದು ಮೊದಲು ಏನು ಮಾಡ್ತೀರಿ ಅಜ್ಜಾ?" ಎಂದರು. "ಕವಳ" ಎಂದ ಅಜ್ಜ. ಮಾರನೇ ದಿನ ವೀಳ್ಯದೆಲೆ, ಸುಣ್ಣದ ಡಬ್ಬಿ ತರಿಸಿದರು. ಸೋತ ಕೈಯಲ್ಲಿ ಎಲೆ ಒತ್ತಿ ಹಿಡಿಯಬೇಕು, ಗಟ್ಟಿ ಕೈಯಲ್ಲಿ ಸುಣ್ಣ ಸವರಬೇಕು. ಆಮೇಲೆ ಕೈ ಅದಲು ಬದಲು. ಅಡಿಕೆ ಮಾತ್ರ ಬೇಡ, ಎಲೆ ಮಡಚುವುದಷ್ಟೇ ವ್ಯಾಯಾಮ ಎಂದರು. ಅಡಿಕೆ ಬೆಳೆದೇ ಬದುಕಿದವನಿಗೆ ಸಿಟ್ಟು ಬಂತು. ಆದರೂ ಮಾಡಿದ.

ಮನೆಗೆ ಹೇಳಿಕೊಟ್ಟಿದ್ದೂ ಅಷ್ಟೇ ಸರಳ. ಚಮಚದ ಹಿಡಿಕೆಗೆ ಬಟ್ಟೆ ಸುತ್ತಿ ದಪ್ಪ ಮಾಡುವುದು. ಬಟ್ಟಲು ಜಾರದಂತೆ ಅಡಿಗೆ ಒದ್ದೆ ಬಟ್ಟೆ. ಅಂಗಿ ಹಾಕುವಾಗ ಸೋತ ಕೈ ಮೊದಲು, ತೆಗೆಯುವಾಗ ಗಟ್ಟಿ ಕೈ ಮೊದಲು. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಒಂದು ಪೈಪು. ನಮ್ಮ ಮನೆಯ ಹೊಸ್ತಿಲು ಮೊಣಕಾಲೆತ್ತರ, ಅದಕ್ಕೊಂದು ಇಳಿಜಾರು ಹಲಗೆ. ಇದಕ್ಕೆಲ್ಲ ಜಾಸ್ತಿ ಖರ್ಚೂ ಆಗಲಿಲ್ಲ. ಮೂರು ತಿಂಗಳಲ್ಲಿ ಅಜ್ಜ ಬಲಗೈಯಲ್ಲೇ ಚಮಚ ಹಿಡಿದು ಅವಲಕ್ಕಿ ತಿಂದ. ಅರ್ಧ ಪಂಚೆ ಮೇಲೆ ಚೆಲ್ಲಿತು, ಇರಲಿ. ಅವತ್ತೇ ನಾನು ಈ ಓದಿನ ಬಗ್ಗೆ ಹುಡುಕಲು ಶುರು ಮಾಡಿದ್ದು.

ಇದೇನೂ ನಿನ್ನೆ ಮೊನ್ನೆ ಬಂದ ವಿದ್ಯೆ ಅಲ್ಲ. ಕಮಲಾ ನಿಂಬ್ಕರ್ ಎಂಬವರು 1950ರಲ್ಲೇ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಇದರ ಶಾಲೆ ತೆರೆದರು. ಅಮೆರಿಕದಲ್ಲಿ ಹುಟ್ಟಿ, ಇಲ್ಲಿಗೆ ಸೊಸೆಯಾಗಿ ಬಂದವರು ಅವರು. ಎರಡು ವರ್ಷದಲ್ಲಿ, 1952ರಲ್ಲಿ, ಈ ವೃತ್ತಿಯವರ ಅಖಿಲ ಭಾರತ ಸಂಘವೂ ಹುಟ್ಟಿತು. ಮುಂಬೈ ಪಾಲಿಕೆಯ ಆಸ್ಪತ್ರೆಗಳಲ್ಲಿ ಇವತ್ತಿಗೂ ಪದವಿ ಓದಬಹುದು. ಮಹಾರಾಷ್ಟ್ರ ಎರಡು ದಶಕದ ಹಿಂದೆಯೇ ಒಟಿ ಮತ್ತು ಫಿಸಿಯೋಥೆರಪಿಗೆ ಪ್ರತ್ಯೇಕ ಕೌನ್ಸಿಲ್ ಕಾಯ್ದೆ ಮಾಡಿತು. ವೈದ್ಯರಲ್ಲದ ಆರೋಗ್ಯ ವೃತ್ತಿಯವರಿಗಾಗಿ ಕೇಂದ್ರ ಮಾಡಿದ 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯಲ್ಲಿ ಈ ವೃತ್ತಿಗೆ ಬೇರೆಯದೇ ಜಾಗವಿದೆ.

ನಮ್ಮಲ್ಲಿ ಮಣಿಪಾಲದಲ್ಲಿ ಈ ಪದವಿ ಇದೆ. ನನಗೆ ಬೇಕಿರುವುದು ಸರ್ಕಾರಿ ಶುಲ್ಕದ ಸೀಟು. ಅಡಿಕೆಗೆ ಕೊಳೆ ಬಂದ ವರ್ಷ ಖಾಸಗಿ ಶುಲ್ಕ ಕಟ್ಟುವುದು ಹೇಗೆ ಎಂದು ಅಪ್ಪಯ್ಯ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಅದಕ್ಕಿಂತ ಅವನ ಎರಡನೇ ಪ್ರಶ್ನೆ ಕಷ್ಟದ್ದು: ಓದಿ ಬಂದ ಮೇಲೆ ಕೆಲಸ ಎಲ್ಲಿ? ಬೆಂಗಳೂರಿನಲ್ಲಿ ಆಟಿಸಂ ಇರುವ ಮಕ್ಕಳ ಥೆರಪಿ ಸೆಂಟರ್‌ಗಳಿವೆ. ಒಳ್ಳೆಯ ಕೆಲಸವೇ. ಆದರೆ ನಾನು ಅಲ್ಲಿ ಕೂತರೆ ನಮ್ಮೂರಿನ ಅಜ್ಜಂದಿರಿಗೆ ಏನು ಸಿಕ್ಕಂತಾಯಿತು? 2011ರ ಜನಗಣತಿಯಲ್ಲೇ ಕರ್ನಾಟಕದ ಅಂಗವಿಕಲರ ಸಂಖ್ಯೆ 13 ಲಕ್ಷ ದಾಟಿತ್ತು. ಅವರೆಲ್ಲ ಬೆಂಗಳೂರಿನಲ್ಲಿ ಇಲ್ಲವಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ನಿಮ್ಮ ಇಲಾಖೆಯವೇ. ನಮ್ಮ ಕಾರವಾರದಲ್ಲೂ ಒಂದಿದೆ. ಅವುಗಳಲ್ಲಿ ಒಂದೆರಡರಲ್ಲಾದರೂ ಈ ಪದವಿ ಶುರು ಮಾಡುತ್ತೀರಾ? ಪ್ರತಿಯೊಂದರಲ್ಲೂ ಕಾಯಂ ಒಟಿ ಹುದ್ದೆ ಇಡುತ್ತೀರಾ? ತಾಲೂಕು ಆಸ್ಪತ್ರೆ ನಮ್ಮದಲ್ಲ, ಆರೋಗ್ಯ ಇಲಾಖೆಯದು ಎನ್ನುತ್ತೀರಿ. ಸರಿ, ಆ ಸಚಿವರು ನಿಮ್ಮದೇ ಸಂಪುಟದಲ್ಲಿ ಇದ್ದಾರೆ ಅಲ್ವಾ? ಅವರ ಇಲಾಖೆ 'ಗೃಹ ಆರೋಗ್ಯ'ದ ಹೆಸರಲ್ಲಿ ಮನೆಗೇ ಹೋಗಿ ಬಿಪಿ, ಶುಗರ್ ನೋಡುತ್ತದೆ. ಬಿಪಿ ಏರಿ ಲಕ್ವ ಹೊಡೆದವರ ಮನೆಗೂ ಯಾರಾದರೂ ಹೋಗಬೇಕಲ್ಲ.

ಓದುವುದು ನಾಲ್ಕೈದು ವರ್ಷ ಎಂದುಕೊಂಡರೂ, ಈಗ ಹುದ್ದೆ ಮಂಜೂರಾದರೆ ನಾನು ಮುಗಿಸುವ ಹೊತ್ತಿಗೆ ಫೈಲ್ ಸರಿಯಾಗಿ ಮುಂದೆ ಬಂದಿರುತ್ತದೆ. ಸರ್ಕಾರಿ ಫೈಲಿನ ವೇಗ ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಸಿಇಟಿ ಆಪ್ಷನ್ ಎಂಟ್ರಿಗೆ ಮೊದಲು ನಿಮ್ಮ ಉತ್ತರ ಬಂದರೆ ಅನುಕೂಲ. ಬರದಿದ್ದರೆ ಅಪ್ಪಯ್ಯನ ಮಾತಿನಂತೆ ಅಗ್ರಿ ಹಾಕುತ್ತೇನೆ.

ನನ್ನ ಸಹಿಯ ಕೆಳಗೆ ಅಜ್ಜನೂ ಸಹಿ ಹಾಕಿದ್ದಾನೆ, ಬಲಗೈಯಲ್ಲೇ. ಸೊಟ್ಟಗಿದೆ, ಆದರೆ ನಮ್ಮ ಸೊಸೈಟಿಯವರು ಅಡಿಕೆ ದುಡ್ಡು ಕೊಡುವಾಗ ಅದನ್ನು ಒಪ್ಪಿಕೊಂಡಿದ್ದಾರೆ.

ಇಂತಿ,
ಪಿಯುಸಿ ಮುಗಿಸಿದ ಒಬ್ಬ ಹುಡುಗಿ, ಮತ್ತು ಅವಳ ಅಜ್ಜ