ಇನ್ನು ಮುಂದೆ ಎಣ್ಣೆ ಕಿಲೋ ಲೆಕ್ಕದಲ್ಲಿ: ನಮ್ಮ ಗ್ರಾಹಕರಿಗೆ ಪತ್ರ

ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಬರುವ ತಿಂಗಳ ಒಂದನೇ ತಾರೀಕಿನಿಂದ ನಮ್ಮ ಗಿರಣಿಯ ತೆಂಗಿನೆಣ್ಣೆ ಲೀಟರ್ ಲೆಕ್ಕದಲ್ಲಿ ಸಿಗುವುದಿಲ್ಲ. ಅರ್ಧ ಕಿಲೋ, ಒಂದು ಕಿಲೋ, ಐದು ಕಿಲೋ, ಹೀಗೆ ತೂಕದಲ್ಲಿ ಸಿಗುತ್ತದೆ. ರೇಟನ್ನು ಪ್ರತಿ ಸೋಮವಾರ ಬೆಳಿಗ್ಗೆ ಹೊರಗಿನ ಹಲಗೆಯಲ್ಲಿ ಬರೆಯುತ್ತೇವೆ. ವಾರವಿಡೀ ಅದೇ ರೇಟು. ಕೊಬ್ಬರಿ ಇಳಿದರೆ ಎಣ್ಣೆಯೂ ಇಳಿಯುತ್ತದೆ, ಏರಿದರೆ ಏರುತ್ತದೆ. ನೂರು ಮಿಲಿಯ ಸಣ್ಣ ತೊಟ್ಟೆಯನ್ನು ಪೂರ್ತಿ ನಿಲ್ಲಿಸಿದ್ದೇವೆ. ಅಷ್ಟು ಎಣ್ಣೆಗೆ ಅಷ್ಟು ಪ್ಲಾಸ್ಟಿಕ್ಕು ನಮಗೂ ದಂಡ, ನಿಮಗೂ ದಂಡ. ಜಿಡ್ಡಿನ ತೊಟ್ಟೆಯನ್ನು ತೊಳೆದು ಒಣಗಿಸಿ ಮನೆ ಮನೆಯಿಂದ ಪ್ಲಾಸ್ಟಿಕ್ ಕಸ ಒಯ್ಯುವ ಹರಿತ ಕರ್ಮಸೇನೆಯವರು ಬರುವ ತನಕ ಇಟ್ಟುಕೊಳ್ಳುವ ಕಷ್ಟ ತೊಳೆದವರಿಗೇ ಗೊತ್ತು.

ಕಿಲೋ ಯಾಕೆ? ನಾವು ಕೊಬ್ಬರಿ ತೆಗೆದುಕೊಳ್ಳುವುದು ಕಿಲೋದಲ್ಲಿ, ನೀವು ಕಾಯಿ ಕೊಡುವುದು ಕಿಲೋದಲ್ಲಿ, ಎಣ್ಣೆ ಮಾತ್ರ ಲೀಟರಿನಲ್ಲಿ. ಇದರಿಂದ ಲೆಕ್ಕ ಯಾವಾಗಲೂ ಗೊಂದಲ. ಒಂದು ಲೀಟರ್ ತೆಂಗಿನೆಣ್ಣೆ ತೂಗಿದರೆ ಸುಮಾರು 915 ಗ್ರಾಂ ಬರುತ್ತದೆ. ಒಂದು ಕಿಲೋ ಅಂದರೆ ಒಂದು ಲೀಟರು, ಮತ್ತೆ ಮೇಲೆ ಸುಮಾರು 90 ಮಿಲಿ. ಲೀಟರಿಗೆ 400 ರೂಪಾಯಿ ಇದ್ದ ಎಣ್ಣೆ ಕಿಲೋಗೆ 437 ಆಗುತ್ತದೆ. ಹಲಗೆ ನೋಡಿ "ಪುನಃ ಏರಿಸಿದರು" ಅನ್ನಬೇಡಿ ದಯವಿಟ್ಟು. ಕುಪ್ಪಿಯಲ್ಲಿ ಎಣ್ಣೆಯೇ ಜಾಸ್ತಿ ಇರುತ್ತದೆ.

ಎಲ್ಲಿಂದ ಕೊಂಡರೂ ಈ ಲೆಕ್ಕ ನೆನಪಿಡಿ. ಪೇಟೆಯ ಪ್ಯಾಕೆಟ್ಟಿನಲ್ಲಿ ದೊಡ್ಡ ಅಕ್ಷರದ ಬೆಲೆ ನೋಡುವ ಮೊದಲು ಸಣ್ಣ ಅಕ್ಷರದ ಗ್ರಾಂ ನೋಡಿ. ಕೆಲವು ಪ್ಯಾಕೆಟ್ಟುಗಳು ನೋಡಲು ಲೀಟರಿನಂತೆಯೇ ಇರುತ್ತವೆ, ಒಳಗೆ 850 ಮಿಲಿಯೋ 800 ಮಿಲಿಯೋ. ಬೆಲೆಯನ್ನು ಗ್ರಾಂನಿಂದ ಭಾಗಿಸಿ ನೋಡಿದರೆ ಅಗ್ಗ ಯಾವುದು, ದುಬಾರಿ ಯಾವುದು ತಿಳಿಯುತ್ತದೆ.

ಇನ್ನು ಆ ದೂರು. ನಮ್ಮ ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಎಲ್ಲಿ ಸಿಕ್ಕಿದರೂ ಅದೇ ಪ್ರಶ್ನೆ: "ಜಿಎಸ್‌ಟಿ ಇಳಿದಿದೆಯಲ್ಲ ಮಾರಾಯ್ರೇ, ನಿಮ್ಮ ಎಣ್ಣೆ ಎಂತಕ್ಕೆ ಇಳಿಯಲಿಲ್ಲ? ಟಿವಿಯಲ್ಲೇ ಹೇಳಿದ್ದಾರೆ."

ಟಿವಿಯಲ್ಲಿ ಹೇಳಿದ್ದು ಸುಳ್ಳಲ್ಲ. 2025 ರ ಸೆಪ್ಟೆಂಬರ್ 22 ರಿಂದ ತಲೆಗೆ ಹಾಕುವ ಎಣ್ಣೆ, ಸಾಬೂನು, ಶಾಂಪೂ, ಟೂತ್‌ಪೇಸ್ಟ್ ಇವುಗಳ ತೆರಿಗೆ ನೂರಕ್ಕೆ 18 ರಿಂದ 5 ಕ್ಕೆ ಬಂತು. ಆದರೆ ಅಡುಗೆ ಎಣ್ಣೆಗೆ ಮೊದಲಿನಿಂದಲೂ ಇದ್ದದ್ದು 5 ಮಾತ್ರ. ಈಗಲೂ 5. ಇಳಿಯದ ತೆರಿಗೆಯನ್ನು ನಾವು ಎಲ್ಲಿಂದ ಇಳಿಸುವುದು? "ನಾವು ತಲೆಗೂ ಇದನ್ನೇ ಹಾಕುತ್ತೇವಲ್ಲ" ಅಂತ ಒಬ್ಬರು ಅಕ್ಕ ವಾದಿಸಿದರು. ಹಾಕಿ, ಧಾರಾಳ ಹಾಕಿ. ನಾವು ಮಾರುವುದು ಅಡುಗೆ ಎಣ್ಣೆ ಅಂತಲೇ, ಕುಪ್ಪಿಯ ಮೇಲೆ ಬರೆದಿರುವುದೂ ಹಾಗೆಯೇ. ಸಣ್ಣ ಕುಪ್ಪಿಯ ಶುದ್ಧ ತೆಂಗಿನೆಣ್ಣೆ ಅಡುಗೆಯದೋ ತಲೆಯದೋ ಎಂಬ ಈ ಜಗಳ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. ತಲೆಯೆಣ್ಣೆ ಅಂತ ಹೇಳಿ ಮಾರದಿದ್ದರೆ ಅದು ಖಾದ್ಯ ಎಣ್ಣೆಯೇ ಎಂದು 2024 ರ ಡಿಸೆಂಬರಿನಲ್ಲಿ ತೀರ್ಪು ಬಂತು. ಹಾಗಾಗಿ 18 ರ ತೆರಿಗೆಯನ್ನು ನಿಮ್ಮಿಂದ ನಾವು ಯಾವತ್ತೂ ತೆಗೆದುಕೊಂಡಿಲ್ಲ, ಹಳೆಯ ಬಿಲ್ಲು ಇದ್ದರೆ ನೋಡಿ.

ನಮ್ಮ ಸಾಬೂನಿಗೆ ತೆರಿಗೆ ಇಳಿದದ್ದು ಹೌದು. ಅದೇ ವಾರ ಸಾಬೂನಿನ ಬೆಲೆಯನ್ನೂ ಇಳಿಸಿದೆವು. ಅದನ್ನು ಯಾರೂ ಮಾತಾಡುವುದಿಲ್ಲ, ಅಲ್ವಾ?

ಈಗ ಎಣ್ಣೆಯ ಖರ್ಚು. ಒಂದು ಕಿಲೋ ಎಣ್ಣೆಗೆ ಸುಮಾರು ಒಂದೂವರೆ ಕಿಲೋದ ಮೇಲೆ ಕೊಬ್ಬರಿ ಬೇಕು. 1.6 ಅಂತ ಇಟ್ಟುಕೊಳ್ಳಿ. ಕೊಬ್ಬರಿ ಕಿಲೋಗೆ 200 ಇದ್ದ ದಿನ, ಎಣ್ಣೆ ಕುಪ್ಪಿಗೆ ಬೀಳುವ ಮೊದಲೇ 320 ರೂಪಾಯಿ ಮುಗಿಯಿತು. ಆಮೇಲೆ ಕರೆಂಟು, ಕೂಲಿ, ಸೋಸುವುದು, ಕುಪ್ಪಿ, ಮುಚ್ಚಳ, ಚೀಟಿ, ತೆರಿಗೆ. ಹಿಂಡಿ ಮಾರಿದ ದುಡ್ಡು ಬರುತ್ತದೆ, ಇಲ್ಲ ಅನ್ನುವುದಿಲ್ಲ. ಅದು ಬಾರದಿದ್ದರೆ ಈ ಗಿರಣಿ ಯಾವತ್ತೋ ಮುಚ್ಚುತ್ತಿತ್ತು.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. 2025 ರ ಮಳೆಗಾಲದಲ್ಲಿ ಸುಲಿದ ತೆಂಗಿನಕಾಯಿ ಕಿಲೋಗೆ 70 ರೂಪಾಯಿ ದಾಟಿತ್ತು. ಅದೇ ಜುಲೈಯಲ್ಲಿ ಕೇರಳದಲ್ಲಿ ತೆಂಗಿನೆಣ್ಣೆ ಲೀಟರಿಗೆ 500 ರ ಮೇಲೆ ಹೋಯಿತು. ಆಗ ಕಾಯಿ ಕೊಡಲು ಬಂದ ಜೀಪುಗಳು ಯಾರದ್ದು? ನಿಮ್ಮದೇ. ಕಾಯಿಯ ದುಡ್ಡು ಎಣಿಸುವಾಗ ನಗು, ಅದೇ ಬಾಗಿಲಲ್ಲಿ ಎಣ್ಣೆ ಕೊಳ್ಳುವಾಗ ಸಿಡುಕು. ಒಂದು ಕಿಲೋ ಎಣ್ಣೆಗೆ ಹತ್ತು ಹನ್ನೊಂದು ಕಾಯಿ ಬೇಕು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು! ಮಂಗಗಳ ಕಾಟ, ಮರ ಹತ್ತುವವರು ಸಿಗದ ಕಷ್ಟ, ಫಸಲು ಕಡಿಮೆ, ಎಲ್ಲ ನೀವೇ ಹೇಳಿದ್ದು. ಕಾಯಿಗೆ ಒಳ್ಳೆ ರೇಟು ಸಿಗಲಿ ಅಂತಲೇ ನಾವೂ ಬಯಸುವುದು. ಆದರೆ ಅದರ ಬಾಲವಾಗಿ ಎಣ್ಣೆಯೂ ಏರುತ್ತದೆ. ಕೊಬ್ಬರಿ ಸಾಕಾಗದಿದ್ದಾಗ ತಮಿಳುನಾಡಿನ ಕಾಂಗೇಯಂ ಕಡೆಯಿಂದ ತರಿಸುತ್ತೇವೆ. ಆಗ ಲಾರಿ ಬಾಡಿಗೆಯೂ ಸೇರುತ್ತದೆ.

ತಿಂಗಳ ಬಜೆಟ್ ಇಟ್ಟು ಮನೆ ನಡೆಸುವವರಿಗೆ ವಾರಕ್ಕೊಂದು ರೇಟು ಕಿರಿಕಿರಿಯೇ. ಅದಕ್ಕೆ ಕ್ಷಮೆ ಇರಲಿ. ಮೊದಲು ನಾವು ಒಂದೇ ಬೆಲೆ ಹಿಡಿದು ಕೂತಿದ್ದೆವು. ಕೊಬ್ಬರಿ ಏರಿದಾಗ ಕೈಯಿಂದ ಹೋಗುತ್ತಿತ್ತು, ಇಳಿದಾಗ ನೀವು ಬೇರೆ ಕಡೆ ಹೋಗುತ್ತಿದ್ದಿರಿ. ಹಾಗೆ ಮುಂದುವರಿಸಲು ಆಗುವುದಿಲ್ಲ.

"ಪೇಟೆಯಲ್ಲಿ ನಿಮಗಿಂತ ನೂರು ರೂಪಾಯಿ ಕಡಿಮೆಗೆ ಸಿಗುತ್ತದೆ" ಅನ್ನುವವರಿಗೆ: ಕೊಬ್ಬರಿಯ ಖರ್ಚಿಗಿಂತ ಕಡಿಮೆಗೆ ಎಣ್ಣೆ ಹೇಗೆ ಬರುತ್ತದೆ ಅಂತ ನೀವೇ ಲೆಕ್ಕ ಹಾಕಿ. ಬೇರೆಯವರ ಮಾಲನ್ನು ದೂರುವುದು ನಮಗೆ ಇಷ್ಟವಿಲ್ಲ. 2018 ರಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ ಕಲಬೆರಕೆಗಾಗಿ ಹತ್ತಾರು ಬ್ರಾಂಡಿನ ತೆಂಗಿನೆಣ್ಣೆಯನ್ನು ಒಟ್ಟಿಗೆ ನಿಷೇಧಿಸಿದ್ದು ಮಾತ್ರ ನೆನಪಿರಲಿ.

ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ಗಾಜಿನ ಲೋಟಕ್ಕೆ ಸ್ವಲ್ಪ ಎಣ್ಣೆ ಹಾಕಿ ಫ್ರಿಜ್ಜಿನಲ್ಲಿ ಅರ್ಧ ಗಂಟೆ ಇಡಿ. ಫ್ರೀಜರಿನಲ್ಲಿ ಬೇಡ. ಬರೀ ತೆಂಗಿನೆಣ್ಣೆಯಾದರೆ ಗಟ್ಟಿಯಾಗುತ್ತದೆ. ಬೇರೆ ಎಣ್ಣೆ ಸೇರಿದ್ದರೆ ಅದು ನೀರಾಗಿ ಬೇರೆ ಪದರದಲ್ಲಿ ನಿಲ್ಲುತ್ತದೆ. ನಮ್ಮ ಎಣ್ಣೆಯನ್ನೂ ಇಟ್ಟು ನೋಡಿ, ಸಂಕೋಚ ಬೇಡ. ಆದರೆ ತಾಳೆ ಬೀಜದ ಎಣ್ಣೆ ಕೂಡ ತಣ್ಣಗಾದರೆ ಗಟ್ಟಿಯಾಗುತ್ತದೆ. ಅದು ಸೇರಿದ್ದರೆ ಫ್ರಿಜ್ಜಿನಲ್ಲಿ ಗೊತ್ತಾಗದು, ಲ್ಯಾಬಿಗೇ ಹೋಗಬೇಕು.

ಇದನ್ನು ಬರೆಯುವಾಗ ಇನ್ನೊಂದು ದೂರೂ ನೆನಪಾಯಿತು. "ನಿಮ್ಮ ಎಣ್ಣೆ ಡಿಸೆಂಬರಿನಲ್ಲಿ ಕಟ್ಟಿಕೊಳ್ಳುತ್ತದೆ." ಕಟ್ಟಬೇಕು! 24 ಡಿಗ್ರಿಗಿಂತ ಕೆಳಗೆ ಬಂದರೆ ತೆಂಗಿನೆಣ್ಣೆ ಗಟ್ಟಿಯಾಗುತ್ತದೆ, ಚಳಿಗಾಲದ ಬೆಳಗ್ಗೆ ನಮ್ಮೂರಲ್ಲೂ ಅಷ್ಟು ತಣ್ಣಗಾಗುತ್ತದೆ. ಕುಪ್ಪಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟರೆ ಸಾಕು, ಒಲೆಯ ಹತ್ತಿರ ಇಡಬೇಡಿ. ಚಳಿಗಾಲಕ್ಕೆ ಅಗಲ ಬಾಯಿಯ ಸ್ಟೀಲ್ ಡಬ್ಬಕ್ಕೆ ಸುರಿದಿಟ್ಟರೆ ಚಮಚದಲ್ಲಿ ತೆಗೆಯಬಹುದು. ಚಮಚ ಒದ್ದೆ ಇರಬಾರದು, ನೀರು ತಾಗಿದರೆ ಎಣ್ಣೆ ಬೇಗ ಹಳಸುತ್ತದೆ.

ಮಾರುವವರು ಹೇಳಬಾರದ ಮಾತು, ಆದರೂ ಹೇಳುತ್ತೇವೆ. ಹಲಸಿನ ಹಪ್ಪಳ ರಾಶಿ ಕರಿಯುವ ದಿನ ದುಬಾರಿ ತೆಂಗಿನೆಣ್ಣೆಯೇ ಆಗಬೇಕೆಂದಿಲ್ಲ. ಕೈ ಬಿಗಿ ಇದ್ದರೆ ಕರಿಯಲು ಸೂರ್ಯಕಾಂತಿ ತನ್ನಿ, ಒಗ್ಗರಣೆಗೆ, ತರಕಾರಿ ಅವಿಲಿಗೆ, ಉಪ್ಪಿನಕಾಯಿ ಮೇಲೆ ಹಾಕಲು ನಮ್ಮದನ್ನು ಇಟ್ಟುಕೊಳ್ಳಿ. ಹೊಗೆ ಬರುವಷ್ಟು ಕಾಯಿಸಬೇಡಿ. ಕರಿದು ಕಪ್ಪಾದ ಎಣ್ಣೆಯನ್ನು ಪುನಃ ಪುನಃ ಬಾಣಲೆಗೆ ಹಾಕಬೇಡಿ.

ಸಾಬೂನಿನ ವಿಷಯ ಎರಡೇ ಮಾತು. ಸ್ನಾನದ ಸಾಬೂನು ಕೊಳ್ಳುವಾಗ ಕಾಗದದ ಮೇಲೆ ಟಿಎಫ್‌ಎಂ, ಅಂದರೆ ಸಾಬೂನಿನಲ್ಲಿರುವ ಒಟ್ಟು ಕೊಬ್ಬಿನ ಅಂಶ, ನೂರಕ್ಕೆ ಎಷ್ಟು ಅಂತ ನೋಡಿ. 76 ಅಥವಾ ಅದರ ಮೇಲೆ ಇದ್ದರೆ ಮೊದಲ ದರ್ಜೆ. "ಬಾತಿಂಗ್ ಬಾರ್" ಅಂತ ಬರೆದಿದ್ದರೆ ಅದರ ಲೆಕ್ಕ ಬೇರೆ, ಅದರಲ್ಲಿ ಸಾಬೂನಿನ ಅಂಶ ಕಡಿಮೆ ಇರಬಹುದು.

ಬದಲಾಗದ ಸಂಗತಿಗಳೂ ಇವೆ. ಪರ್ಚಿ (ಸಾಲದ ಚೀಟಿ) ಬರೆಸಿ ತಿಂಗಳ ಕೊನೆಗೆ ದುಡ್ಡು ಕೊಡುವವರು ಹಾಗೆಯೇ ಕೊಡಿ. ಒಂಟಿಯಾಗಿರುವ ಹಿರಿಯರ ಮನೆಗೆ ಎಣ್ಣೆ ತೆಗೆದುಕೊಂಡು ಹುಡುಗ ಬರುತ್ತಾನೆ, ಅದಕ್ಕೆ ದುಡ್ಡಿಲ್ಲ. ಸೋಮವಾರ ಗಿರಣಿಗೆ ಬಂದು ತೂಗಿ ತೋರಿಸಿ ಅಂದರೆ ತೂಗಿ ತೋರಿಸುತ್ತೇವೆ.

ನಿಮ್ಮದೇ ಕೊಬ್ಬರಿ ತಂದು ಅರೆಸುವುದೂ ಮೊದಲಿನ ಹಾಗೆಯೇ. ಆದರೆ ದಯವಿಟ್ಟು ಚೆನ್ನಾಗಿ ಒಣಗಿಸಿ ತನ್ನಿ. ಹಸಿ ಕಾಯಿಯ ತಿರುಳಿನಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ, ನೂರಕ್ಕೆ 6 ರ ತನಕ ಇಳಿಯಬೇಕು. ಮುರಿದರೆ ಟಕ್ ಅಂತ ಶಬ್ದ ಬರಬೇಕು, ಬಾಗಬಾರದು. ಮಳೆಗಾಲದಲ್ಲಿ ಅರೆ ಒಣಗಿದ್ದನ್ನು ತಂದು "ಎಣ್ಣೆ ಕಡಿಮೆ ಬಂತು" ಅಂದರೆ ನಾವು ಎಂತ ಹೇಳುವುದು?

ಇತಿ,
ಗಿರಣಿ ಮನೆಯವರು

ಮರೆತ ಮಾತು: ದನಗಳಿಗೆ ಹಿಂಡಿ ಬೇಕಾದವರು ಶನಿವಾರದೊಳಗೆ ಹೆಸರು ಬರೆಸಿ. ಮೊದಲು ಬರೆಸಿದವರಿಗೆ ಮೊದಲು. ಗೋಣಿ ನೀವೇ ತನ್ನಿ.